ಮೈಸೂರಿಗೆ ಹೊರಟ ಬೆಳಿಗ್ಗೆ ಮಾಯವಾದ ಮುಡುಪು

“ಮುಡುಪು ಇಲ್ಲ! ಇಟ್ಟಿದ್ದ ಮುಡುಪು ಇಲ್ಲ!”

ದೇವರಮನೆಯಿಂದ ಬಂದ ಕೂಗಿಗೆ ಹಂಸಳ ಕೈಯಲ್ಲಿದ್ದ ಚಿತ್ರಾನ್ನದ ಡಬ್ಬಿ ಜಾರಿ ಬೀಳುವುದೊಂದು ಬಾಕಿ. ಹೊರಗೆ ಮೇಲ್ಮನೆಯ ಅರ್ಸಲಾನನ ಕಾರು ಆಗಲೇ ಸ್ಟಾರ್ಟ್ ಆಗಿ ನಿಂತಿತ್ತು. ಬ್ಯಾಗುಗಳು ಡಿಕ್ಕಿ ಸೇರಿದ್ದವು. ಚಕ್ರಗಳ ಕೆಳಗಿಡಲು ತಂದ ನಿಂಬೆಹಣ್ಣುಗಳು ಮೆಟ್ಟಿಲ ಮೇಲಿದ್ದವು. ಇನ್ನು ಬಾಗಿಲಿಗೆ ಬೀಗ ಹಾಕಿ ಮೈಸೂರಿನ ದಾರಿ ಹಿಡಿಯುವುದಷ್ಟೇ ಉಳಿದಿತ್ತು. ಅಷ್ಟರಲ್ಲಿ ಅತ್ತೆ ರಾಮಲಕ್ಷ್ಮಮ್ಮ ಹೊಸ್ತಿಲಿಗೆ ಬಂದು ನಿಂತರು. ಮುಖ ಬಿಳಿಚಿಕೊಂಡಿತ್ತು.

“ಚಾಮುಂಡಮ್ಮಂಗೆ ಕಟ್ಟಿದ್ದು ಕಣ್ರೋ. ಅದು ಸಿಗೋವರ್ಗೂ ನಾನು ಗಾಡಿ ಹತ್ತಲ್ಲ. ಯಾರೂ ಹತ್ತೋದು ಬೇಡ!”

ಕಾರಿನ ಇಂಜಿನ್ ಬಂದ್ ಆಯಿತು.

ಆಪತ್ತಿನ ಹೊತ್ತಿನಲ್ಲಿ ದೇವರನ್ನು ನೆನೆದು, ಅರಿಶಿನದಲ್ಲಿ ಅದ್ದಿದ ಬಟ್ಟೆಯಲ್ಲಿ ನಾಣ್ಯವಿಟ್ಟು ಗಂಟು ಹಾಕುವುದು ಮುಡುಪು. ಗಂಡಾಂತರ ಕಳೆದ ಮೇಲೆ ಗಂಟು ಬಿಚ್ಚದೆ ಆ ದೇವರ ಹುಂಡಿಗೇ ಹಾಕಬೇಕು. ಅಲ್ಲಿಯವರೆಗೆ ಬೇರೆಯವರು ಅದನ್ನು ಮುಟ್ಟಬಾರದು, ಯಾತಕ್ಕೆ ಕಟ್ಟಿದ್ದೆಂದು ಕಟ್ಟಿದವರು ಬಾಯಿ ಬಿಡಬಾರದು. ಇದು ರಾಮಲಕ್ಷ್ಮಮ್ಮನ ಕಟ್ಟಳೆ. ಆಕೆ ಈ ಮುಡುಪು ಕಟ್ಟಿದ್ದು ಕಳೆದ ತಿಂಗಳು, ರಾಜಕಾಲುವೆ ಉಕ್ಕಿ ಕೆ.ಆರ್. ಪುರದ ಈ ಬೀದಿಗೆ ನುಗ್ಗಿದ ರಾತ್ರಿ. ಮನೆ ಉಳಿಯಲಿ ಎಂದು ಕಟ್ಟಿರಬೇಕು ಅಂತ ಎಲ್ಲರೂ ಅಂದುಕೊಂಡಿದ್ದರು. ಕೆಳಮನೆಯಲ್ಲಿ ಮೊಣಕಾಲುದ್ದ ನೀರು ನಿಂತಾಗ ಮನೆಯ ಮಾಲೀಕರಾದ ಇವರೆಲ್ಲ ಮೇಲ್ಮನೆಯ ಬಾಡಿಗೆದಾರರಾದ ಸಾಲೇಹಾ ಅವರ ಮನೆಯಲ್ಲಿ ಚಾಪೆ ಹಾಸಿದ್ದರು. ದೇವರ ಫೋಟೋಗಳಿಗೆ ಅವರ ಶೋಕೇಸಿನ ಮೇಲೆ ಜಾಗ ಸಿಕ್ಕಿತ್ತು.

ಹಂಸ ಮಾತ್ರ ಆ ರಾತ್ರಿ ಮನೆಯಲ್ಲಿರಲಿಲ್ಲ. ಇಂದಿರಾನಗರದ ಕನ್ನಡಕದ ಅಂಗಡಿಯಲ್ಲಿ ಕೆಲಸ ಮುಗಿಸಿ ಹೊರಟವಳು ಟಿನ್ ಫ್ಯಾಕ್ಟರಿ ಹತ್ತಿರ ಸಿಕ್ಕಿಹಾಕಿಕೊಂಡಿದ್ದಳು. ಫೋನು ಸತ್ತಿತ್ತು. ಬೆಳಿಗ್ಗೆ ಯಾರದೋ ಟ್ರ್ಯಾಕ್ಟರ್ ಏರಿ, ದಾರಿಯುದ್ದಕ್ಕೂ ಜನ ಕೈ ಬೀಸುತ್ತಿರಲು, ಚುನಾವಣೆ ಗೆದ್ದವಳ ಹಾಗೆ ಬಂದಿಳಿದಿದ್ದಳು. ಅತ್ತೆ ಆಗ “ಬಂದ್ಯಾ? ಕಾಲು ತೊಳ್ಕೊ” ಎಂದಿದ್ದರು, ಅಷ್ಟೇ. ಆ ಮಾತಿನ ಚಳಿ ಹಂಸಳಿಗೆ ಇನ್ನೂ ಬಿಟ್ಟಿರಲಿಲ್ಲ.

ಕೆಸರು ತೆಗೆದು, ಹಾಸಿಗೆ ಒಣಗಿಸಿ, ವಾಸನೆಗೆ ಸೋತು ಸುಣ್ಣವಾದ ಮೇಲೆ ಸಾಲು ರಜೆ ಬಂತು. ಎಲ್ಲಾದರೂ ಬೇರೆ ಊರಿಗೆ ಹೋಗಿ ಒಣಗಿದ ನೆಲದ ಮೇಲೆ ಮಲಗೋಣ ಎಂದು ಟೆರೇಸಿನ ಮೇಲೆ ಸಭೆ ಸೇರಿತ್ತು. ಹಂಸಳ ಗಂಡ ಪ್ರೇಮ್‌ಕುಮಾರ್ ಚೆನ್ನೈ ಅಂದ, ಬೀಚ್ ನೋಡೋಣ ಅಂದ. “ನೀರು ನೋಡಿ ಸಾಕಾಗ್ಲಿಲ್ವಾ ನಿನಗೆ?” ಎಂದು ಅವನ ತಂಗಿ ರಮ್ಯಶ್ರೀ ಬಾಯಿ ಮುಚ್ಚಿಸಿದಳು. ಅವಳೇ ಬಿರಿಯಾನಿಗೆ ಹೈದರಾಬಾದ್ ಎಂದಾಗ ಅರ್ಸಲಾನನಿಗೆ ನಿಜಕ್ಕೂ ನೋವಾಯಿತು. “ಶಿವಾಜಿನಗರ ಪಕ್ಕದಲ್ಲಿಟ್ಕೊಂಡು ಬಿರಿಯಾನಿಗೆ ಹೈದರಾಬಾದಾ? ನನ್ನ ಗಾಡಿ ಬರಲ್ಲ ಗುರು!” ಕೊನೆಗೆ ಹಂಸ ಹೇಳಿದ ಮೈಸೂರು ಗೆದ್ದಿತು. ಹಾಗಾದರೆ ಮೊದಲು ಬೆಟ್ಟ ಎಂದರು ರಾಮಲಕ್ಷ್ಮಮ್ಮ. ಹಂಸ ತಡೆಯಲಾರದೆ, “ಸಾಲು ರಜೆ ಅತ್ತೆ, ಬೆಟ್ಟದಲ್ಲಿ ಅರ್ಧ ದಿನ ಕ್ಯೂನಲ್ಲೇ ಹೋಗುತ್ತೆ. ಬೆಟ್ಟ ಇನ್ನೊಂದ್ಸಲ ನೋಡ್ಕೊಂಡ್ರಾಯ್ತು” ಅಂದುಬಿಟ್ಟಿದ್ದಳು.

ಈಗ ಆ ಮಾತು ಬಡ್ಡಿ ಸಮೇತ ವಾಪಸು ಬಂತು.

“ಬೆಟ್ಟ ಬೇಡ ಅಂದೋರು ಯಾರು ಅಂತ ನಂಗೇನು ಮರ್ತೋಗಿಲ್ಲ,” ಎಂದರು ರಾಮಲಕ್ಷ್ಮಮ್ಮ, ಯಾರನ್ನೂ ನೋಡದೆ.

ಹಂಸಳ ಕಿವಿ ಬಿಸಿಯಾದವು. ಮದುವೆಯಾಗಿ ಇದು ಮೊದಲ ಪ್ರವಾಸ. ಅದು ಹೋದರೆ ಹೋಗಲಿ, ಇನ್ನೊಂದು ರಜೆ ಬರುತ್ತದೆ. ಆದರೆ ಅತ್ತೆಯ ಕಣ್ಣಿಗೆ ದೇವರ ಗಂಟು ಬಚ್ಚಿಟ್ಟವಳಾಗಿ ಕಂಡರೆ? ಒಂದೇ ಅಡುಗೆಮನೆಯಲ್ಲಿ ಜೀವನ ಪೂರ್ತಿ ಹೇಗೆ ಓಡಾಡುವುದು?

“ಅಮ್ಮಾ, ಸಾಕು.” ರಮ್ಯಶ್ರೀ ನಡುವೆ ಬಂದು ನಿಂತಳು. “ಸಾಕ್ಷಿ ಇಲ್ದೆ ಆರೋಪ ಮಾಡಂಗಿಲ್ಲ. ಕೇಸು ನಂಗೆ ಕೊಡು. ಅರ್ಸಲಾನ್, ಎಷ್ಟೊತ್ತಿಗೆ ಹೊರಟ್ರೆ ಮೈಸೂರು ರೋಡು ಬಿಟ್ಕೊಡುತ್ತೆ?”

“ಇನ್ನೊಂದು ಗಂಟೆ. ಆಮೇಲೆ ಇಡೀ ಬೆಂಗ್ಳೂರು ಅಲ್ಲಿರುತ್ತೆ ಸಿಸ್ಟರ್.”

“ಸಾಕು. ಯಾರೂ ಬೀದಿ ದಾಟ್ಬೇಡಿ.”

ರಮ್ಯಶ್ರೀಯ ಕೆಲಸವೇ ಅದು. ವಿಮೆ ಕಂಪನಿಯೊಂದಕ್ಕಾಗಿ ನೀರಿನಲ್ಲಿ ಮುಳುಗಿದ ಕಾರುಗಳನ್ನು ತನಿಖೆ ಮಾಡುವುದು. ಮುಳುಗದ ಕಾರನ್ನು ಮುಳುಗಿತೆಂದು ಹೇಳುವವರು, ಮುಳುಗಿದ್ದನ್ನು ಒರೆಸಿ ಮಾರುವವರು, ಎಲ್ಲರನ್ನೂ ನಗುನಗುತ್ತಲೇ ಹಿಡಿಯುತ್ತಿದ್ದಳು. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ಒಳಗಿನ ಕೆಸರಿನ ಗೆರೆ ತೋರಿಸಿದರೆ ಎಂಥವರೂ ತೆಪ್ಪಗಾಗುತ್ತಾರೆ ಎನ್ನುವುದು ಅವಳ ಅನುಭವ. ಅತ್ತಿಗೆಯ ತೋಳು ಹಿಡಿದು ಅವಳು ಪಿಸುಗುಟ್ಟಿದಳು: “ಅಳ್ಬೇಡಿ. ನೀವು ನನ್ನ ಅಸಿಸ್ಟೆಂಟ್. ಆರೋಪಿನೂ ನೀವೇ. ಎರಡೂ ಡ್ಯೂಟಿ ಮಾಡಿ.”

ಹಂಸಳಿಗೆ ಆ ಸಂಕಟದಲ್ಲೂ ನಗು ಬಂತು.

ಮೊದಲ ವಿಚಾರಣೆ ತಾಯಿಯದೇ.

“ಕೊನೇ ಸಲ ಯಾವಾಗ ನೋಡಿದ್ದು?”

“ನಿನ್ನೆ ಸಾಯಂಕಾಲ. ದೇವರಮನೆಗೆ ಸುಣ್ಣ ಹೊಡೀತಿದ್ನಲ್ಲ, ಆಗ.”

“ನೀನೇನಾ ಹೊಡೆದದ್ದು?”

“ಮತ್ತೆ? ಚರಂಡಿ ನೀರು ನುಗ್ಗಿದ್ ಜಾಗ. ನಿಮ್ ಪೇಂಟು ಗೀಂಟು ನಾನು ಒಪ್ಪಲ್ಲ. ಕಲ್ಲುಸುಣ್ಣ ತರಿಸಿ ನಾನೇ ನೆನೆಹಾಕಿ ನಾನೇ ಬಳಿದೆ. ಮೇಲಿನ ಗೂಡು ಒಂದು ಬಾಕಿ ಇತ್ತು, ಕರೆಂಟು ಹೋಯ್ತು.”

“ಮುಡುಪು ಎಲ್ಲಿತ್ತು?”

“ಆ ಗೂಡಲ್ಲೇ. ಕೈಯಂದಾಜಲ್ಲಿ ತೆಗೆದು ಹಿತ್ತಾಳೆ ತಟ್ಟೇಲಿ ಫೋಟೋಗಳ ಪಕ್ಕ ಇಟ್ಟು ಪಂಚೆ ಮುಚ್ಚಿದೆ. ಸುಣ್ಣ ಒಣಗೋವರ್ಗೂ ಸಾಲೇಹಮ್ಮನ ಶೋಕೇಸ್ ಮೇಲಿರ್ಲಿ ಅಂತ ಕಳಿಸ್ದೆ.”

“ಯಾರ ಕೈಲಿ?”

ಹಂಸಳೇ ಕೈ ಎತ್ತಿದಳು. “ನನ್ ಕೈಲಿ.”

“ದಾರೀಲಿ ಪಂಚೆ ಎತ್ತಿ ನೋಡಿದ್ರಾ ಅತ್ತಿಗೆ?”

“ಇಲ್ಲ ರಮ್ಯಾ. ಕತ್ತಲು ಬೇರೆ. ಮೆಟ್ಟಿಲು ಎಡವದಿದ್ರೆ ಸಾಕಾಗಿತ್ತು. ಶೋಕೇಸ್ ಮೇಲಿಟ್ಟು ಇಳಿದ್ ಬಂದ್ಬಿಟ್ಟೆ.”

“ಬೆಳಿಗ್ಗೆ ಕೆಳಗೆ ತಂದಿದ್ದು?”

“ನೌರೀನ್.”

ನೌರೀನ್ ಎಂದರೆ ಸಾಲೇಹಾ ಅವರ ಸೊಸೆ, ಅರ್ಸಲಾನನ ಹೆಂಡತಿ. ಗಲಾಟೆ ಕೇಳಿ ಅತ್ತೆ ಸೊಸೆ ಇಬ್ಬರೂ ಆಗಲೇ ಮೆಟ್ಟಿಲಿಳಿದು ಬಂದಿದ್ದರು. ಇಬ್ಬರೂ ಪ್ರವಾಸಕ್ಕೆ ಹೊರಟವರಲ್ಲ. ಸಾಲೇಹಾ ಅವರಿಗೆ ಮಂಡಿನೋವು, ನೌರೀನ್ ಅವರಿಗೆ ಜೊತೆ. ಕಾಲುವೆಯ ಮೇಲೊಂದು ಕಣ್ಣಿಡುವ ಜವಾಬ್ದಾರಿಯನ್ನು ಅವರೇ ಬೇಡಿ ಪಡೆದಿದ್ದರು.

“ತಟ್ಟೆ ಮುಚ್ಚಿದ್ದಂಗೇ ತಂದ್ಕೊಟ್ಟೆ,” ಎಂದಳು ನೌರೀನ್. “ಹಳದಿ ಗಂಟು ನಾನು ಕಣ್ಣಲ್ಲೂ ನೋಡಿಲ್ಲ. ಅಲ್ಲಾ ಕಸಮ್!”

“ನಮ್ಮನೇಲಿ ಬಿದ್ದಿದ್ರೆ ಎಲ್ಲೋಗುತ್ತೆ ಅಕ್ಕಾ?” ಎಂದರು ಸಾಲೇಹಾ, ರಾಮಲಕ್ಷ್ಮಮ್ಮನ ಭುಜ ಸವರುತ್ತ. “ಎಲ್ರೂ ಸೇರಿ ಹುಡ್ಕೋಣ.”

ಹುಡುಕಾಟ ಶುರುವಾಯಿತು. ಹಳದಿ ಗಂಟು! ಹಳದಿ ಗಂಟು! ಎರಡೂ ಮನೆ ತಲೆಕೆಳಗಾದವು. ಹಳದಿ ಬಣ್ಣದ್ದು ಏನು ಸಿಕ್ಕರೂ ಅಂಗಳಕ್ಕೆ ಬಂತು. ಕಾರು ಒರೆಸುವ ಬಟ್ಟೆ, ರಮ್ಯಶ್ರೀಯ ಕೂದಲಿನ ಬ್ಯಾಂಡು, ನೌರೀನಳ ಒಂಟಿ ಕಾಲುಚೀಲ. ಮುಡುಪು ಮಾತ್ರ ಬರಲಿಲ್ಲ.

ಈ ನಡುವೆ ಪ್ರೇಮ್‌ಕುಮಾರ್ ತನ್ನ ಬ್ಯಾಗನ್ನು ಮಾತ್ರ ತೆಗೆಯಲು ಬಿಡದೆ ಅಪ್ಪಿಕೊಂಡು ನಿಂತಿದ್ದ. ರಮ್ಯಶ್ರೀಯ ಹುಬ್ಬು ಮೇಲೇರಿತು.

“ಅಣ್ಣಾ, ಚೆನ್ನೈಗೆ ಹೋಗ್ಬೇಕು ಅಂತಿದ್ದೋನು ನೀನು. ಮೈಸೂರು ಟ್ರಿಪ್ ಕೆಟ್ರೆ ಲಾಭ ಯಾರಿಗೆ?”

“ಏಯ್, ನನ್ ಮೇಲೇ ಡೌಟಾ?”

“ಬ್ಯಾಗಲ್ಲೇನಿದೆ?”

“ಏನಿಲ್ಲ. ಬಟ್ಟೆ.”

“ತೆಗಿ.”

ಜಿಪ್ ಎಳೆದಾಗ ಹೊರಬಿದ್ದದ್ದು ಈಜುವ ಚಡ್ಡಿ, ಈಜು ಕನ್ನಡಕ, ಗಾಳಿ ತುಂಬುವ ಟ್ಯೂಬು. ಅರ್ಸಲಾನ್ ನಕ್ಕು ನಕ್ಕು ಕಾರಿನ ಬಾನೆಟ್ಟಿಗೆ ಒರಗಿದ.

“ಹೋಟ್ಲಲ್ಲಿ ಪೂಲ್ ಇದೆ ಅಂತಿತ್ತು...” ಎಂದ ಪ್ರೇಮ್‌ಕುಮಾರ್ ನೆಲ ನೋಡುತ್ತ.

“ನೀನು ನಿರ್ದೋಷಿ. ಮುಚ್ಚು ಅದನ್ನ,” ಎಂದಳು ತಂಗಿ.

ಅರ್ಸಲಾನ್ ಷರ್ಟಿನ ತೋಳು ಮಡಚಿ ಸೀಟುಗಳ ಕೆಳಗೆ ಕೈಯಾಡಿಸತೊಡಗಿದ. ಅವನ ಬಲ ತೋಳಿನಲ್ಲಿ ರಿಬ್ಬನ್ನಿನಿಂದ ಬಿಗಿದ ಕೆಂಪು ಗಂಟೊಂದು ಕಂಡಿತು. ಏನಾದರೂ ಮಾತಾಡಬೇಕಲ್ಲ ಎಂದು ಹಂಸ ಕೇಳಿದಳು, “ಕೈಗೇನಾಯ್ತು ಅರ್ಸಲಾನ್?”

“ಏನಿಲ್ಲ, ಇಮಾಮ್ ಜಾಮಿನ್. ದೂರ ಹೋಗೋವಾಗ ಅಮ್ಮಿ ಬಿಡಲ್ಲ. ಒಳಗೆ ಕಾಸಿಟ್ಟು ಕಟ್ಟೋದು. ಸೇಫಾಗಿ ಊರು ಸೇರಿದ್ಮೇಲೆ ಆ ಕಾಸು ಬಡವ್ರಿಗೆ. ಇವತ್ತು ನೌರೀನ್ ಕಟ್ಟಿದ್ಳು.” ಅವನು ಸೀಟಿನಡಿಯಿಂದ ತಲೆ ಎತ್ತಿದ. “ಸಿಸ್ಟರ್, ಇಲ್ಲೂ ಹಳದಿ ಏನಿಲ್ಲ.”

ಹಂಸ ಸೋತು ದೇವರಮನೆಯ ಬಾಗಿಲಲ್ಲಿ ಕೂತಳು. ರಮ್ಯಶ್ರೀ ಒಳಗೆ ಹಿತ್ತಾಳೆ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಬಹಳ ಹೊತ್ತು ನೋಡಿದಳು.

“ಅಮ್ಮಾ, ತಟ್ಟೆ ಅಂಚಲ್ಲಿ ಇದೇನು ಕೆಂಪು ಕಲೆ?”

“ಕುಂಕುಮ ಚೆಲ್ಲಿರುತ್ತೆ,” ಎಂದರು ರಾಮಲಕ್ಷ್ಮಮ್ಮ ಹೊರಗಿನಿಂದ.

“ಕುಂಕುಮದ ಬಟ್ಟಲು ತಟ್ಟೇಲಿತ್ತಾ?”

ಉತ್ತರ ಗೊತ್ತಿದ್ದದ್ದು ಹಂಸಳಿಗೆ. “ಇಲ್ಲ. ಸುಣ್ಣ ಬೀಳುತ್ತೆ ಅಂತ ಮಧ್ಯಾಹ್ನವೇ ಅಡುಗೆಮನೇಲಿ ಇಟ್ಟಿದ್ದೆ. ಇವತ್ತು ಬೆಳಿಗ್ಗೆ ಅಲ್ಲಿಂದಲೇ ಹಣೆಗಿಟ್ಕೊಂಡೆ.”

“ಹೌದಾ?” ರಮ್ಯಶ್ರೀಯ ದನಿಯೇ ಬದಲಾಯಿತು. “ಹಾಗಾದ್ರೆ ಕುಂಕುಮ ಇಲ್ದೆ ಕೆಂಪೆಲ್ಲಿಂದ ಬಂತು?”

ಅವಳು ಕಲೆಯನ್ನು ಉಗುರಿನಿಂದ ಕೆರೆದಳು. ಕೆಂಪಿನ ಜೊತೆ ಬಿಳಿ ಪುಡಿ ಉದುರಿತು. ಆಮೇಲೆ ಹೊರಗೆ ಹೋಗಿ ತಾಯಿಯ ಬಲಗೈ ಹಿಡಿದು ಮಗುಚಿ ನೋಡಿದಳು. ಬೆರಳ ತುದಿಗಳು ಬಿರಿದಿದ್ದವು. ಉಗುರುಗಳ ಸಂದಿಯಲ್ಲಿ ಇನ್ನೂ ಬಿಳಿ ಉಳಿದಿತ್ತು.

ರಮ್ಯಶ್ರೀ ಜೋರಾಗಿ ನಕ್ಕುಬಿಟ್ಟಳು.

“ನಗೋ ಹೊತ್ತೇನೆ ಇದು?” ರಾಮಲಕ್ಷ್ಮಮ್ಮ ಕೈ ಕಿತ್ತುಕೊಂಡರು.

“ಎಲ್ರೂ ಅಂಗಳಕ್ಕೆ ಬನ್ನಿ. ಕೇಸು ಮುಗೀತು.”

ಬಂದರು. ಸಾಲೇಹಾ ಮೆಟ್ಟಿಲ ಮೇಲೆ ಕೂತರು. ಅರ್ಸಲಾನ್ ಕಾರಿಗೆ ಒರಗಿದ.

“ಇಷ್ಟೊತ್ತು ಆರು ಜನ ಹುಡುಕಿದ್ರೂ ಮುಡುಪು ಯಾಕೆ ಸಿಗ್ಲಿಲ್ಲ?” ರಮ್ಯಶ್ರೀ ಎಲ್ಲರನ್ನೂ ಒಂದು ಸುತ್ತು ನೋಡಿದಳು. “ಯಾಕಂದ್ರೆ ಎಲ್ರೂ ಹುಡುಕಿದ್ದು ಹಳದಿ ಗಂಟು. ಅಮ್ಮಾ, ಒಂದ್ ಪ್ರಶ್ನೆ. ಆರತಿಗೆ ಓಕುಳಿ ಹೇಗೆ ಮಾಡ್ತೀಯ?”

“ಅದೇನ್ ಕೇಳೋದು? ನೀರಿಗೆ ಅರಿಶಿನ ಹಾಕಿ, ಒಂಚೂರು ಸುಣ್ಣ ಕದಡಿದ್ರೆ ಕೆಂಪಗೆ...”

ರಾಮಲಕ್ಷ್ಮಮ್ಮನ ಮಾತು ಅಲ್ಲೇ ನಿಂತಿತು. ಅವರು ತಮ್ಮ ಬೆರಳುಗಳನ್ನು ನೋಡಿಕೊಂಡರು. ಎಷ್ಟು ಮದುವೆ, ಎಷ್ಟು ಬಾಣಂತನ, ಎಷ್ಟು ಆರತಿ! ಬೀದಿಗೆಲ್ಲ ಓಕುಳಿ ಕದಡಿಕೊಟ್ಟ ಕೈ ಅದು.

“ಸುಣ್ಣ ಮೆತ್ತಿದ ಹಸಿ ಕೈ. ಕರೆಂಟಿಲ್ಲ. ಅದೇ ಕೈಯಲ್ಲಿ ಅರಿಶಿನದ ಗಂಟು ಹಿಡಿದೆ, ಸುಣ್ಣ ಹತ್ತಿದ ಗಂಟನ್ನ ತಟ್ಟೇಲಿಟ್ಟೆ. ಪಂಚೆ ಕೆಳಗೆ ಅದು ಕೆಂಪಗಾಯ್ತು, ತಟ್ಟೆಗೂ ಬಣ್ಣ ಹತ್ತಿಸ್ತು. ಅಂಚಲ್ಲಿದ್ದ ಗಂಟು ಬೆಳಿಗ್ಗೆ ತಟ್ಟೆ ಎತ್ತುವಾಗ ಶೋಕೇಸ್ ಮೇಲೇ ಜಾರಿ ಉಳ್ಕೊಂಡಿದೆ. ಮೊದಲ್ನೇ ಅಪರಾಧಿ ನೀನೇ ಅಮ್ಮಾ. ಈಗ ಹೇಳಿ, ಇವತ್ತು ಬೆಳಿಗ್ಗೆಯಿಂದ ಕೆಂಪು ಗಂಟು ಯಾರ್ಯಾರು ನೋಡಿದ್ದೀರಿ?”

ಹಂಸಳ ಬಾಯಿಂದ ಒಂದು ಸಣ್ಣ ಚೀತ್ಕಾರ ಹೊರಟಿತು. ಅವಳ ಬೆರಳು ತಾನಾಗಿಯೇ ಅರ್ಸಲಾನನ ತೋಳಿನತ್ತ ಹೋಯಿತು. ಎಲ್ಲರ ಕಣ್ಣೂ ಅಲ್ಲಿಗೇ ಹೋದವು. ಅರ್ಸಲಾನ್ ತನ್ನ ತೋಳನ್ನೇ ಹಾವು ಕಂಡಂತೆ ನೋಡಿದ.

“ನಾನಾ? ನಾನೇ ಕಟ್ಕೊಂಡು ಹುಡುಕ್ತಿದ್ನಾ?”

“ಅರೇ, ತಡಿ ತಡಿ!” ಸಾಲೇಹಾ ಸೊಸೆಯತ್ತ ತಿರುಗಿದರು. “ನೌರೀನ್, ಇದಕ್ಕೆ ರಿಬ್ಬನ್ ಯಾಕೆ ಹಾಕ್ದೆ? ತೋಳಿಗೆ ಕಟ್ಟೋಕೆ ನಾನು ಪಟ್ಟಿ ಸೇರ್ಸಿ ಹೊಲ್ದಿದ್ನಲ್ಲ?”

“ಪಟ್ಟಿ ಇರ್ಲಿಲ್ಲ ಅಮ್ಮಿ. ನೀವು ಮರ್ತಿದ್ದೀರಾ ಅಂದ್ಕೊಂಡೆ. ಶೋಕೇಸ್ ಮೇಲಿದೆ, ಕಟ್ಟು ಅಂದ್ರಿ. ತಟ್ಟೆ ಕೆಳಗೆ ಕೊಟ್ಟು ವಾಪಸ್ ಹೋಗಿ ನೋಡ್ದೆ, ಇದೇ ಇತ್ತು. ಒಳಗೆ ಕಾಸೂ ಇತ್ತು. ಕಟ್ಬಿಟ್ಟೆ.”

“ಗಡಿಯಾರದ ಹಿಂದೆ ಇಟ್ಟಿದ್ದೆ ಕಣಮ್ಮ ನಾನು!”

ನೌರೀನ್ ಮೇಲಕ್ಕೆ ಓಡಿ, ಹಸಿರು ಬಟ್ಟೆಯ, ಪಟ್ಟಿ ಇರುವ ಇನ್ನೊಂದು ಗಂಟನ್ನು ಹಿಡಿದುಕೊಂಡು ಬಂದಳು. ನಾಚಿಕೆಯಿಂದ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡಳು. “ಎರಡನೇ ಅಪರಾಧಿ ನಾನು,” ಎಂದಳು ಒಳಗಿನಿಂದಲೇ.

“ಆದ್ರೂ ಇದೇ ಅಂತ ಹೇಗೆ ಹೇಳೋದು?” ಪ್ರೇಮ್‌ಕುಮಾರ್‌ಗೆ ಇನ್ನೂ ಅನುಮಾನ. “ಬಿಚ್ಚಿ ನೋಡೋಂಗೂ ಇಲ್ಲ.”

“ಬಿಚ್ಚೋದ್ಯಾಕೆ?” ರಮ್ಯಶ್ರೀ ಮೆಟ್ಟಿಲ ಮೇಲಿದ್ದ ನಿಂಬೆಹಣ್ಣೊಂದನ್ನು ತೆಗೆದು ಕಚ್ಚಿದಳು.

“ಏಯ್, ಚಕ್ರಕ್ಕೆ ತಂದಿದ್ದು ಕಣೆ ಅದು!”

“ಒಂದು ಚಕ್ರ ಸ್ವಲ್ಪ ಕಾಯ್ಲಿ ಅಮ್ಮಾ. ಸುಣ್ಣದ ಕೆಂಪು ಹುಳಿ ಮುಂದೆ ನಿಲ್ಲಲ್ಲ. ಅರ್ಸಲಾನ್, ಕೈ ಚಾಚು.”

ನಿಂಬೆಯ ರಸ ಗಂಟಿನ ಮೇಲೆ ಬಿತ್ತು. ಒಂದು ಹನಿ, ಎರ‍ಡು ಹನಿ. ರಸ ಬಿದ್ದಲ್ಲೆಲ್ಲ ಕೆಂಪು ಸರಿದು ಹಳದಿ ಮೂಡಿತು. ಹಳದಿ ಹಬ್ಬುತ್ತಾ ಹೋಗಿ ಇಡೀ ಗಂಟು ಅರಿಶಿನದ ಬಣ್ಣಕ್ಕೆ ತಿರುಗಿತು. ನೌರೀನ್ ದುಪಟ್ಟಾ ಸರಿಸಿ ಚಪ್ಪಾಳೆ ತಟ್ಟಿದಳು. ರಾಮಲಕ್ಷ್ಮಮ್ಮ ಕೈಮುಗಿದರು.

ಅರ್ಸಲಾನ್ ಮಾತ್ರ ಅಲುಗಾಡದೆ ನಿಂತಿದ್ದ. “ಆಂಟಿ, ಬೇರೆಯವ್ರು ಮುಟ್ಬಾರ್ದು ಅಂತಿದ್ರಿ. ಮೈಲಿಗೆ ಆಯ್ತಾ?”

“ಸುಮ್ನಿರೋ. ನೀರು ಬಂದಾಗ ನಿಮ್ಮನೇಲಿ ಉಂಡು ಮಲಗೆದ್ದಿದ್ದೀನಿ. ಚಾಮುಂಡಮ್ಮನೂ ನಿಮ್ ಶೋಕೇಸ್ ಮೇಲೇ ಕೂತಿದ್ಳು. ಅವಳಿಗಿಲ್ದಿರೋ ಮೈಲಿಗೆ ನನಗ್ಯಾಕೆ?” ಎಂದು ಅವರೇ ಅವನ ತೋಳಿನ ರಿಬ್ಬನ್ ಬಿಚ್ಚಿ ಮುಡುಪು ತೆಗೆದುಕೊಂಡರು. ಸಾಲೇಹಾ ಅಲ್ಲೇ ಮಗನ ತೋಳಿಗೆ ಹಸಿರು ಗಂಟು ಕಟ್ಟಿದರು.

ಹಂಸ ಚಿತ್ರಾನ್ನದ ಡಬ್ಬಿಯ ಮುಚ್ಚಳ ಸರಿಮಾಡುವ ನೆಪದಲ್ಲಿ ಬಗ್ಗಿದಳು. ಅಂತೂ ನಿರ್ದೋಷಿ. ಆದರೂ ಮನಸ್ಸು ಹಗುರಾಗಿರಲಿಲ್ಲ. ಬಣ್ಣ ಬದಲಾಗದಿದ್ದರೆ ಅತ್ತೆ ನಂಬಿರುತ್ತಿದ್ದದ್ದು ಏನನ್ನು?

“ಹಂಸ.”

ಅವಳು ತಲೆ ಎತ್ತಿದಳು. ರಾಮಲಕ್ಷ್ಮಮ್ಮ ಎದುರಿಗೇ ನಿಂತಿದ್ದರು.

“ತಪ್ಪಾಯ್ತು ಕಣೆ. ಭಯಕ್ಕೆ ಬಾಯಿಗ್ ಬಂದಿದ್ದು ಅಂದ್ಬಿಟ್ಟೆ.”

“ಬಿಡಿ ಅತ್ತೆ. ಬೆಟ್ಟ ಬೇಡ ಅಂದಿದ್ದು ನಾನೇ ಅಲ್ವಾ.”

“ಅಕ್ಕಾ,” ಎಂದರು ಸಾಲೇಹಾ, “ಈಗ್ಲಾದ್ರೂ ತಟ್ಟೆ ಗಿಟ್ಟೆ ಬೇಡ. ನಮ್ಮಂಗೆ ಯಾರ್ದಾದ್ರೂ ತೋಳಿಗೆ ಕಟ್ಬಿಡಿ. ದಾರೀಲಿ ಕಳೆಯಲ್ಲ.”

ಪ್ರೇಮ್‌ಕುಮಾರ್ ಮನೆಯ ಮಗನ ಗತ್ತಿನಲ್ಲಿ ತೋಳು ಮುಂದೆ ಮಾಡಿದ. ತಾಯಿ ಆ ತೋಳನ್ನು ಬದಿಗೆ ಸರಿಸಿದರು. ನೌರೀನಳ ರಿಬ್ಬನ್ ಕೈಗೆ ತೆಗೆದುಕೊಂಡು ಹಂಸಳ ಬಲ ತೋಳು ಹಿಡಿದರು.

“ಅತ್ತೆ, ನಾನು ಮುಟ್ಬಾರ್ದಲ್ವಾ?”

“ಯಾತಕ್ಕೆ ಕಟ್ಟಿದ್ದು ಅಂತಾನೂ ಹೇಳ್ಬಾರ್ದು. ಇವತ್ತು ಹೇಳ್ದಿದ್ರೆ ಆ ತಾಯಿ ನನ್ನ ಮೆಚ್ಚಲ್ಲ.”

“ಮನೆ ಉಳೀಲಿ ಅಂತ ಅಲ್ವಾ?”

“ಮನೆ ಯಾರಿಗ್ ಬೇಕಿತ್ತೇ ಅವತ್ತು!” ರಾಮಲಕ್ಷ್ಮಮ್ಮ ಅವಳ ತೋಳಿಗೆ ರಿಬ್ಬನ್ ಸುತ್ತತೊಡಗಿದರು. “ನಿನ್ ಫೋನ್ ಹೋಗ್ತಿರ್ಲಿಲ್ಲ. ಟಿನ್ ಫ್ಯಾಕ್ಟರಿ ಹತ್ರ ಎದೆಮಟ್ಟ ನೀರು ಅಂತ ಟೀವೀಲಿ ತೋರಿಸ್ತಿದ್ರು. ಪ್ರೇಮ ಬೀದಿ ಕೊನೆವರ್ಗೂ ಈಜಿ ಈಜಿ ವಾಪಸ್ ಬಂದ. ನಾನೇನ್ ಮಾಡ್ಲಿ? ಸೊಸೆ ಮನೆ ಸೇರ್ಲಿ ತಾಯಿ, ಬೆಟ್ಟ ಹತ್ತಿಸ್ಕೊಂಡು ಬರ್ತೀನಿ ಅಂತ ಕಟ್ದೆ. ನೀನು ಟ್ರ್ಯಾಕ್ಟರ್ ಇಳ್ದು ಬಂದಾಗ ಒಂದ್ ಮಾತು ಜಾಸ್ತಿ ಆಡಿದ್ರೂ ಅತ್ತೇ ಬಿಡ್ತಿದ್ದೆ ನಾನು. ಅದಕ್ಕೇ ಕಾಲು ತೊಳ್ಕೊ ಅಂದಿದ್ದು.”

ಒಂದು ತಿಂಗಳು ಹೊತ್ತು ತಿರುಗಿದ್ದ ಮುನಿಸು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಅವಳು ಅತ್ತೆಯ ಹೆಗಲಿಗೆ ಮುಖವಿಟ್ಟು ಗಟ್ಟಿಯಾಗಿ ಅತ್ತಳು. ರಾಮಲಕ್ಷ್ಮಮ್ಮ ಬೆನ್ನು ತಟ್ಟುತ್ತಲೇ ರಿಬ್ಬನ್ನಿನ ಗಂಟು ಬಿಗಿದರು. ಸಾಲೇಹಾ ಕಣ್ಣೊರೆಸಿಕೊಂಡರು.

“ಆಂಟಿ, ಮೈಸೂರು ರೋಡು!” ಎಂದು ಅರ್ಸಲಾನ್ ಹಾರ್ನ್ ಒತ್ತಿದ.

ರಾಮಲಕ್ಷ್ಮಮ್ಮ ಸೆರಗಿನಿಂದ ಸೊಸೆಯ ಮುಖ ಒರೆಸಿ, ಕಾರಿನ ಬಾಗಿಲು ತೆಗೆದರು. ನಡು ಸೀಟಿನಲ್ಲಿ ಪ್ರೇಮ್‌ಕುಮಾರ್ ಆಗಲೇ ಹೆಂಡತಿಗಾಗಿ ಜಾಗ ಹಿಡಿದು ಕೂತಿದ್ದ.

“ಪ್ರೇಮ, ಏಳು. ಹಿಂದಕ್ಕೆ ಹೋಗು,” ಎಂದರು. “ಹಂಸ ನನ್ ಪಕ್ಕ ಕೂರ್ತಾಳೆ.”